ಮುಂಗೈ ಮೇಲಿನ ವಿಮಾನ

ಫೆಬ್ರುವರಿ 8, ಶನಿವಾರ. ಮುರುಡೇಶ್ವರ

ಇವತ್ತು ದೋಣಿಯಲ್ಲಿ ನಮ್ಮ ಕಡೆಯವರೊಬ್ಬರು ಸಿಕ್ಕರು. ನರಗುಂದದ ಹೈಸ್ಕೂಲು ಮಾಸ್ತರು, ಹೆಸರು ಹನುಮಂತಪ್ಪ. ಹೆಂಡತಿ ಮಕ್ಕಳನ್ನು ದಡದಲ್ಲಿ ಬಿಟ್ಟು ಒಬ್ಬರೇ ನೇತ್ರಾಣಿ ದ್ವೀಪಕ್ಕೆ ಬಂದಿದ್ದರು. ನಾನು ಗಜೇಂದ್ರಗಡದ ಯಮನೂರಸಾಬರ ಮಗ, ನಮ್ಮದು ಗಾದಿ ಹೊಲಿಯುವ ಮನೆ ಎಂದದ್ದೇ ತಡ, ನೀರಿಗಿಳಿಯುವ ಹೆದರಿಕೆಯನ್ನೇ ಮರೆತರು.

"ಅಲ್ರೀ ಮುನಾವರ, ಗಜೇಂದ್ರಗಡದಾಗ ಈಜಾಕ ನೀರರೆ ಎಲ್ಲಿ ಐತ್ರಿ? ನೀವ್ ಹ್ಯಾಂಗ ಈ ಕೆಲಸಕ್ಕ ಬಿದ್ರಿ?"

ಎಲ್ಲರೂ ಕೇಳುವ ಪ್ರಶ್ನೆ. ಹೋಟೆಲ್ ಕೆಲಸಕ್ಕೆಂದು ಬಂದವನು ದೋಣಿ ತೊಳೆದು, ಸಿಲಿಂಡರ್ ಹೊತ್ತು, ನಿರ್ಮಲಾ ಮೇಡಂ ಹತ್ತಿರ ಬೈಸಿಕೊಂಡು ಡೈವಿಂಗ್ ಗೈಡ್ ಆದೆ ಎಂದೆ. ನೀರಿನೊಳಗೆ ಉಸಿರಾಡುವುದನ್ನು ನನಗೆ ಕಲಿಸಿದವರು ಆ ಮೇಡಂ.

ಮಾಸ್ತರು ಮೀನು ನೋಡಿ ಖುಷಿಯಾಗಿ ಮೇಲೆ ಬಂದರು. ಊಟ ಮುಗಿಸಿ ಮಧ್ಯಾಹ್ನವೇ ಕಾರಿನಲ್ಲಿ ಊರಿಗೆ ಹೊರಡುವ ಲೆಕ್ಕ ಅವರದು. ನಾನು ಬಿಡಲಿಲ್ಲ. ನನ್ನ ಎಡಗೈಯ ಡೈವ್ ಕಂಪ್ಯೂಟರ್ ತೋರಿಸಿದೆ. ನೋಡಲು ಅದೊಂದು ದಪ್ಪ ಗಡಿಯಾರ. ಎಷ್ಟು ಆಳ ಇಳಿದೆವು, ಎಷ್ಟು ಹೊತ್ತು ಇದ್ದೆವು, ಎಷ್ಟು ನಿಧಾನವಾಗಿ ಏರಬೇಕು ಎಲ್ಲ ಹೇಳುತ್ತದೆ. ನೀರಿನಿಂದ ಹೊರಬಂದ ಮೇಲೆ ಅದರ ಮೂಲೆಯಲ್ಲಿ ಪುಟ್ಟ ವಿಮಾನದ ಚಿತ್ರ ಮೂಡುತ್ತದೆ. ಆ ಚಿತ್ರ ಅಳಿಸಿಹೋಗುವವರೆಗೆ ವಿಮಾನ ಹತ್ತಬಾರದು. ಆಳದಲ್ಲಿ ಉಸಿರಾಡಿದ ಗಾಳಿ ಮೈಯೊಳಗೆ ಕರಗಿ ಕೂತಿರುತ್ತದೆ. ಬೇಗನೆ ಎತ್ತರಕ್ಕೆ ಹೋದರೆ ಅದು ಗುಳ್ಳೆಯಾಗಿ ಕೀಲಿಗೋ ನರಕ್ಕೋ ಸಿಕ್ಕಿಕೊಳ್ಳುತ್ತದೆ.

"ನಮಗೆಲ್ಲಿ ವಿಮಾನಾರೀ? ನಾವ್ ಕಾರಿನಾಗ ಹೋಗವ್ರು."

"ಘಟ್ಟಾನೂ ಎತ್ತರನ ಅಲ್ರೀ ಸರ್. ನಿಮ್ಮೂರು, ನಮ್ಮೂರು ಎರಡೂ ಘಟ್ಟದ ಮ್ಯಾಲ ಅದಾವು. ನಾಳೆ ಹೋಗ್ರಿ."

ಅವರು ಗೊಣಗಿದರು. ಮತ್ತೊಂದು ದಿನದ ಲಾಡ್ಜು, ಮಕ್ಕಳ ಸಾಲಿ ಎಂದರು. ನಾನು ದನಿ ಏರಿಸಿದೆ. ಕೈಕಾಲು ಬಿದ್ದುಹೋದರೆ ನನ್ನನ್ನು ಕೇಳಬೇಡಿ ಎಂದುಬಿಟ್ಟೆ. ಕೊನೆಗೆ ಉಳಿದುಕೊಂಡರು. ನಮ್ಮ ಮೇಲಿನ ಸೀಮೆಯ ಜನಕ್ಕೆ ಮೆತ್ತಗೆ ಹೇಳಿದರೆ ತಲೆಗೆ ಹೋಗುವುದಿಲ್ಲ, ಗದರಬೇಕು. ಹೋಗುವಾಗ ನನ್ನ ಫೋನ್ ನಂಬರ್ ತೆಗೆದುಕೊಂಡರು. ಮುಂದಿನ ವಾರ ಊರಿಗೆ ಬರುತ್ತೀರಲ್ಲ, ನಮ್ಮ ಸಾಲಿ ಮಕ್ಕಳಿಗೆ ಇದನ್ನೆಲ್ಲ ಹೇಳಿ ಹೋಗಿ ಎಂದರು. ಒಪ್ಪಿದೆ. ಯಾಕೆ ಒಪ್ಪಬಾರದು?

ಫೆಬ್ರುವರಿ 10, ಸೋಮವಾರ. ಯಲ್ಲಾಪುರ

ಬಸ್ಸು ಚಹಾಕ್ಕೆ ನಿಂತಿದೆ. ಅರಬೈಲ್ ಘಟ್ಟ ಹತ್ತಿ ಆಯಿತು.

ಹೊರಡುವ ದಿನ ನೀರಿಗಿಳಿಯಬಾರದಿತ್ತು. ಆದರೆ ಜೊತೆಯ ಗೈಡಿಗೆ ಜ್ವರ, ಬೆಳಿಗ್ಗೆ ಎರಡು ತಂಡಗಳನ್ನೂ ನಾನೇ ಇಳಿಸಿದೆ. ವಾಪಸು ಹೊರಡುವಾಗ ಲಂಗರು ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡಿತು. ಮತ್ತೆ ಇಳಿದೆ. ಆಳ ಹೆಚ್ಚಿತ್ತು, ಬಿಡಿಸಲು ಹೊತ್ತೂ ಆಯಿತು. ಬಸ್ಸಿನ ಚಿಂತೆಯಲ್ಲಿ ಸರಸರ ಮೇಲೆ ಬಂದೆ. ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕು ಎಂದು ಕಂಪ್ಯೂಟರ್ ಮಿನುಗುತ್ತಿತ್ತು. ಅದರ ಕಿರಿಕಿರಿ ಬೇಡವೆಂದು ಸದ್ದನ್ನು ಹೋದ ತಿಂಗಳೇ ಬಂದ್ ಮಾಡಿದ್ದೇನೆ. ನಿಲ್ಲಲಿಲ್ಲ.

ವಿಮಾನದ ಚಿತ್ರ ಬಂದಿತ್ತು, ಬರದೇ ಏನು? ಕಂಪ್ಯೂಟರನ್ನೇ ಬಿಚ್ಚಿ ಕಾಲುಚೀಲದಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಹಾಕಿದೆ. ಹನುಮಂತಪ್ಪ ಮಾಸ್ತರ ಮಾತು ಬೇರೆ, ಅವರು ಹೊಸಬರು. ನನ್ನ ಮೈಗೆ ನೀರು ರೂಢಿಯಾಗಿದೆ. ತಂಗಿ ನಾಜಮೀನಳ ನಿಶ್ಚಿತಾರ್ಥ ಈ ಭಾನುವಾರ. ನಾಳೆ ಬೆಳಿಗ್ಗೆ ಗಾದಿಯ ಕೆಲಸ ಶುರುಮಾಡುತ್ತೇವೆ ಎಂದು ಅವ್ವ ಫೋನಿನ ಮೇಲೆ ಫೋನು ಮಾಡಿದ್ದಾಳೆ.

ಎಡ ಭುಜ ನೋಯುತ್ತಿದೆ. ಬ್ಯಾಗ್ ಭಾರ.

ಫೆಬ್ರುವರಿ 11, ಮಂಗಳವಾರ. ಗಜೇಂದ್ರಗಡ

ಮನೆ ತುಂಬ ಅರಳೆ. ಅಪ್ಪ ಮಷಿನ್ನಿನಲ್ಲಿ ಹತ್ತಿ ಹಿಂಜುತ್ತಿದ್ದ. ಹುಬ್ಬು, ಮೀಸೆ ಎಲ್ಲ ಬೆಳ್ಳಗೆ. ನನ್ನನ್ನು ನೋಡಿ ಮಷಿನ್ ನಿಲ್ಲಿಸದೆ ತಲೆಯಾಡಿಸಿದ. ಅವನ ಪ್ರೀತಿ ಅಷ್ಟೇ ಇರುತ್ತದೆ, ಅದರಲ್ಲಿ ಮೋಸವಿಲ್ಲ.

ನಮ್ಮ ಮನೆಯಲ್ಲಿ ಒಂದು ರೂಢಿಯಿದೆ. ಮಗಳ ನಿಶ್ಚಿತಾರ್ಥಕ್ಕೆ ಬರುವ ಬೀಗರನ್ನು ಹೊಸ ಗಾದಿಯ ಮೇಲೆ ಕೂರಿಸಬೇಕು. ಆ ಗಾದಿಗೆ ಅರಳೆ ತುಂಬಿದ ಮೇಲೆ ನಾಲ್ಕು ಬದಿಗಳನ್ನು ಮನೆಯ ನಾಲ್ವರು ಹೊಲಿಯಬೇಕು. ಅಪ್ಪನದೊಂದು, ಅವ್ವನದೊಂದು, ನಾಜಮೀನಳದೊಂದು, ನನ್ನದೊಂದು. ಅದಕ್ಕೇ ಅವ್ವನ ಅವಸರ.

ಓಣಿಯವರೆಲ್ಲ ಬಂದು ನನ್ನ ಕಂಪ್ಯೂಟರನ್ನು ನೋಡಿದರು. ಬಾಷಾ ಕಾಕಾ ಅದನ್ನು ಕಿವಿಗಿಟ್ಟು, ಟಿಕ್ ಟಿಕ್ ಅನ್ನುವುದಿಲ್ಲವಲ್ಲ, ಕೆಟ್ಟಿದೆಯೇ ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುವಾಗ ಚಹಾದ ಕಪ್ಪು ಎಡಗೈಯಿಂದ ಜಾರಿ ಬಿತ್ತು.

"ಯಾಕಣ್ಣಾ, ಮುಂಜಾನಿಂದ ಕೈ ಝಾಡಸಾಕತ್ತಿಯಲ್ಲ?" ನಾಜಮೀನ ಕೇಳಿದಳು.

"ಬಸ್ಸಿನಾಗ ಅದರ ಮ್ಯಾಲ ಮಲಗಿದ್ನಿ. ಜೋಮು ಹತ್ತೈತಿ."

ಜೋಮು ಬೆಳಿಗ್ಗೆಯಿಂದ ಸಂಜೆಯವರೆಗೆ ಇರುತ್ತದೆಯೇ? ಇರಬಹುದು. ಕಿರುಬೆರಳು, ಅದರ ಪಕ್ಕದ ಬೆರಳು, ಎರಡೇ. ಕಂಪ್ಯೂಟರಿನ ಪಟ್ಟಿ ಬಿಗಿಯಾಗಿ ಕಟ್ಟಿದ್ದೆನೇನೋ.

ಫೆಬ್ರುವರಿ 12, ಬುಧವಾರ

ನರಗುಂದಕ್ಕೆ ಹೋಗಿ ಬಂದೆ. ಬರೆಯುವ ಮನಸ್ಸಿಲ್ಲ. ಬರೆಯದೆ ಕೂರುವುದೂ ಆಗುತ್ತಿಲ್ಲ.

ಮಾಸ್ತರು ಗೇಟಿನಲ್ಲೇ ಕಾಯುತ್ತಿದ್ದರು. ಹತ್ತನೇ ತರಗತಿಯ ಮಕ್ಕಳನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿದ್ದರು. "ಇವರ ಮಾತ ಕೇಳಿ ನಾ ಒಂದ ದಿನ ಉಳದೆ. ಸುರಕ್ಷಿತ ಬಂದೆ. ತಿಳದವರ ಮಾತ ಕೇಳೂದು ಹಿಂಗಿರಬೇಕು," ಎಂದು ಮಕ್ಕಳಿಗೆ ನನ್ನ ಪರಿಚಯ ಮಾಡಿಕೊಟ್ಟರು. ನೆಲ ನೋಡುತ್ತ ನಿಂತೆ.

ಮಾತೇನೋ ಬಂತು. ಎಷ್ಟೋ ಸಲ ಹೇಳಿದ ಮಾತು, ಬಾಯಿ ತಾನಾಗಿಯೇ ಹೇಳುತ್ತದೆ. ಕಂಪ್ಯೂಟರ್ ಅವರವರದ್ದು ಅವರವರ ಕೈಯಲ್ಲೇ ಇರಬೇಕು, ಇನ್ನೊಬ್ಬರಿಗೆ ಕಟ್ಟಿದರೆ ಲೆಕ್ಕ ಕೆಡುತ್ತದೆ ಎಂದೆ. ಅದು ನಿಲ್ಲು ಅಂದಲ್ಲಿ ನಿಲ್ಲಬೇಕು ಎಂದೆ. ಅದು ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಕಾಯಬೇಕು, ಕಡಿಮೆಯಂತೂ ಅಲ್ಲ ಎಂದೆ. ತೋರಿಸಲು ಎಡಗೈಯಲ್ಲಿ ಎತ್ತಿ ಹಿಡಿದೆ. ಹಿಡಿದಿದ್ದೇನೆ ಎಂದೇ ತಿಳಿದಿದ್ದೆ. ಅದು ನೆಲಕ್ಕೆ ಬಿದ್ದ ಸದ್ದು ಕೇಳಿದ ಮೇಲೆ ಕೈ ಖಾಲಿ ಇದ್ದದ್ದು ಕಂಡಿತು.

ಮುಂದಿನ ಬೆಂಚಿನ ಹುಡುಗಿ ಎತ್ತಿಕೊಟ್ಟಳು. ಹೆಸರು ನೇತ್ರಾ ಅಂತೆ. ಕೊಟ್ಟವಳು ಕೂರಲಿಲ್ಲ.

"ಸರ್, ನೀವು ಮೊನ್ನೆ ಊರಿಗೆ ಬರೋ ಮುಂದ ಎಷ್ಟೊತ್ತು ಕಾದ್ರಿ?"

ಅವಳಿಗೆ ಏನೂ ಗೊತ್ತಿರಲಿಲ್ಲ. ಸುಮ್ಮನೆ ಕೇಳಿದಳು. ನಾನು, "ಪೂರಾ ಒಂದ ದಿನ ಕಾದೆವ್ವಾ," ಎಂದೆ. ಅವಳು ಅದನ್ನು ಬರೆದುಕೊಂಡಳು. ಮಕ್ಕಳು ಚಪ್ಪಾಳೆ ತಟ್ಟಿದರು. ಮಾಸ್ತರು ಶಾಲು ಹೊದಿಸಿದರು.

ಛೀ. ಇದಕ್ಕಿಂತ ಹೆಚ್ಚು ಬರೆಯಲಾರೆ. ಆ ಶಾಲನ್ನೇ ಹೊದ್ದು, ಕೈಯನ್ನು ಅದರೊಳಗೆ ಮುಚ್ಚಿಕೊಂಡು ಬಸ್ಸಿನಲ್ಲಿ ಬಂದೆ. ಇದೇನೆಂದು ನನಗೆ ಗೊತ್ತು. ಸೋಮವಾರ ಸಂಜೆಯಿಂದಲೇ ಗೊತ್ತು. ನಿರ್ಮಲಾ ಮೇಡಂಗೆ ಒಂದು ಫೋನು ಮಾಡಿದರೆ ಮುಂದೇನೆಂದು ಹೇಳುತ್ತಾರೆ. ಆದರೆ ಏನೆಂದು ಹೇಳಲಿ? ಊರ ಮಂದಿಯನ್ನು ಗದರಿಸಿ ನಿಲ್ಲಿಸಿದವನು ತಾನೇ ಓಡಿಬಂದೆ ಎಂದೇ? ಭಾನುವಾರ ಮುಗಿಯಲಿ. ತಾನಾಗಿಯೇ ಕಡಿಮೆಯಾದರೂ ಆಗಬಹುದು.

ಫೆಬ್ರುವರಿ 13, ಗುರುವಾರ

ಆಂಬುಲೆನ್ಸ್ ಬರುವವರೆಗೆ ಬರೆಯುತ್ತೇನೆ.

ಬೆಳಿಗ್ಗೆ ಅಪ್ಪ, ಅವ್ವ, ನಾಜಮೀನ ತಮ್ಮ ತಮ್ಮ ಬದಿ ಹೊಲಿದು ಮುಗಿಸಿದರು. ನಾಲ್ಕನೆಯದು ನನ್ನದು. ಗಾದಿಯ ಬಿಳಿ ಖೋಳ, ಹೊಸ ಗವಸು, ಇಸ್ತ್ರಿಯ ಮಡಿಕೆ ಕೂಡ ಹೋಗಿಲ್ಲ. ಬಲಗೈಯಲ್ಲಿ ದಬ್ಬಣ ಒತ್ತಬೇಕು, ಅಡಿಯಲ್ಲಿ ಎಡಗೈಯ ಬೆರಳು ಅದರ ಮೊನೆಯನ್ನು ಕಾದು ಹಿಡಿದು ಎಳೆಯಬೇಕು. ಚಿಕ್ಕಂದಿನಿಂದ ಮಾಡಿದ ಕೆಲಸ. ಕಣ್ಣು ಮುಚ್ಚಿಯೂ ಮಾಡುತ್ತಿದ್ದೆ. ಇವತ್ತು ಮೊನೆ ಎಲ್ಲಿ ಬರುತ್ತದೆಂದು ಬಗ್ಗಿ ಬಗ್ಗಿ ನೋಡಬೇಕಾಯಿತು. ಆಮೇಲೆ ನಾಜಮೀನ ಏನೋ ಹೇಳಿ ನಗಿಸಿದಳು, ನೋಡುವುದನ್ನು ಬಿಟ್ಟೆ.

"ಕೈ ನೋಡ್ಕೊ," ಎಂದ ಅಪ್ಪ.

ಬಲಗೈ ನೋಡಿಕೊಂಡೆ. ಏನೂ ಆಗಿರಲಿಲ್ಲ.

"ಆ ಕೈಯಲ್ಲೋ. ಇನ್ನೊಂದ ಕೈ."

ಎಡಗೈ ಎತ್ತಿದೆ. ಉಂಗುರದ ಬೆರಳಿನ ತುದಿಯಲ್ಲಿ ದಬ್ಬಣ ಹೋಗಿ ಬಂದಿತ್ತು. ಒಂದು ಸಲವಲ್ಲ. ಬೆರಳಿನಿಂದ ಅಂಗೈಗೆ, ಅಂಗೈಯಿಂದ ಖೋಳಕ್ಕೆ ರಕ್ತ ಇಳಿದು ಒಂದು ಗೇಣು ಕೆಂಪಗಾಗಿತ್ತು. ನನಗೆ ಏನೂ ತಿಳಿದಿರಲಿಲ್ಲ.

"ನಿಶ್ಚೇದ ಗಾದಿ ಮ್ಯಾಲ ರಗತ..." ಎಂದ ಅವ್ವ ಅಲ್ಲಿಗೇ ಬಾಯಿ ಮುಚ್ಚಿಕೊಂಡು ನೀರು ತರಲು ಹೋದಳು. ನಾಜಮೀನ ನನ್ನ ಬೆರಳಿಗೆ ಓಡ್ನಿಯ ಸೆರಗು ಸುತ್ತಿದಳು. ನನಗೆ ಆ ಗಾದಿಯ ಕಡೆ ನೋಡಲಾಗಲಿಲ್ಲ. ಬೀಗರು ಕೂರುವ ಗಾದಿ. ತಂಗಿಯ ಗಾದಿ.

ಅಪ್ಪ ನನ್ನೆದುರು ಕುಳಿತ. "ಕಣ್ಣ ಮುಚ್ಚು," ಎಂದ. ಮುಚ್ಚಿದೆ.

"ಯಾವ ಬೆರಳ ಮುಟ್ಟೇನಿ?"

"ಮುಟ್ಟೀ ಏನ್?"

ಕಣ್ಣು ತೆರೆದಾಗ ಅವನು ಕಿರುಬೆರಳನ್ನು ಹಿಂಡಿ ಹಿಡಿದಿದ್ದ. ಅವನ ಮುಖ ನೋಡಿದೆ. ಎಷ್ಟು ವರ್ಷವಾಯಿತೋ ಅವನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿ. ಆಮೇಲೆ ಹೇಳಿದೆ. ಲಂಗರು, ಆಳ, ನಿಲ್ಲದೆ ಬಂದದ್ದು, ಘಟ್ಟ ಹತ್ತಿದ್ದು, ನರಗುಂದದಲ್ಲಿ ಮಕ್ಕಳೆದುರು ಸುಳ್ಳು ಹೇಳಿದ್ದು. ಅಪ್ಪ ಬೆರಳು ಹಿಡಿದುಕೊಂಡೇ ಎಲ್ಲ ಕೇಳಿದ.

"ಬಿಗದ ಹತ್ತಿ ಅಂಡಿಗಿ ಹಗ್ಗಾ ಒಮ್ಮೆಲೇ ಕೊಯ್ದಂಗ ಆತು," ಎಂದ ಕೊನೆಗೆ. "ಸಾವಕಾಶ ಬಿಚ್ಚಬೇಕಾಗಿತ್ತು. ಆ ಗಡಿಯಾರ ನಿನಗ ಹೇಳಿದ್ದಿಲ್ಲೇನು?"

"ಹೇಳಿತ್ತು."

"ಮತ್ತ?"

"ಬಿಚ್ಚಿ ಚೀಲದಾಗ ಇಟ್ನಿ."

ಬೈಯುತ್ತಾನೆಂದು ಕಾದೆ. ಬೈದಿದ್ದರೆ ಸುಲಭವಿತ್ತು. ಅವನು ಎದ್ದು ಕೈಕಾಲು ತೊಳೆದು ಬಂದ. "ನಿನ್ನ ಮೇಡಂಗ ಫೋನ್ ಹಚ್ಚು," ಎಂದ.

ನಿರ್ಮಲಾ ಮೇಡಂ ಪೂರ್ತಿ ಕೇಳಿಸಿಕೊಂಡರು. "ಸೋಮವಾರದ್ದನ್ನು ಗುರುವಾರ ಹೇಳ್ತಿದ್ದೀಯಲ್ಲ ಮುನಾವರ," ಎಂದರು, ಅಷ್ಟೇ. ಆಮೇಲೆ ಎಲ್ಲ ಕೆಲಸದ ಮಾತು. ಕಾಲು ಸರಿಯಾಗಿದೆಯಾ, ಉಚ್ಚೆ ಸರಿಯಾಗಿ ಆಗ್ತಿದೆಯಾ, ತಲೆ ತಿರುಗ್ತದಾ? ತಕ್ಷಣ ಆಸ್ಪತ್ರೆಗೆ ಹೋಗಿ ಆಕ್ಸಿಜನ್ ಹಾಕಿಸಿಕೋ, ಡಾಕ್ಟರ ಹತ್ತಿರ ನಾನೇ ಮಾತಾಡ್ತೇನೆ. ಗೋವಾದಲ್ಲಿ ಒತ್ತಡದ ಚೇಂಬರ್ ಇದೆ, ಅಲ್ಲಿಗೆ ಹೇಳಿಡ್ತೇನೆ. ಕಂಪ್ಯೂಟರ್ ಜೊತೆಗೇ ತರಬೇಕು, ಯಾವ ಗುಂಡಿಯನ್ನೂ ಒತ್ತಬೇಡ, ನೀನು ಇಳಿದದ್ದು ಏರಿದ್ದು ಎಲ್ಲ ಅದರಲ್ಲಿದೆ.

ಮುಂದಿನ ಫೋನು ಅಪ್ಪನೇ ಮಾಡಿದ. ನರೇಗಲ್ಲಿಗೆ, ಬೀಗರಾಗಬೇಕಾದವರಿಗೆ. ನಾನು ಗೋಡೆಯ ಈಚೆ ಇದ್ದೆ. "ನಮ್ಮ ಹುಡುಗ ತಪ್ಪು ಮಾಡ್ಕೊಂಡಾನ್ರಿ. ಸುಳ್ಳ ಯಾಕ ಹೇಳ್ಲಿ ನಿಮಗ. ದವಾಖಾನಿಗೆ ನಾ ಹೋಗಬೇಕು... ಇಲ್ರೀ, ನಿಶ್ಚೆ ನಿಲ್ಲಸೂದ ಬ್ಯಾಡ. ಇನ್ನ ರಂಜಾನ್ ಬಂತು. ಭಾನುವಾರನ ಆಗ್ಲಿ. ನಾ ಒಬ್ಬಾಂವ ಇರೂದಿಲ್ಲ, ಅಷ್ಟ."

ಒಬ್ಬಳೇ ಮಗಳ ನಿಶ್ಚಿತಾರ್ಥ. ನಾ ಒಬ್ಬಾಂವ ಇರೂದಿಲ್ಲ, ಅಷ್ಟ.

ಒಂದು ದಿನ ತಡವಾಗಿ ಬಂದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಗಾದಿಯ ಕೆಲಸ ಮಂಗಳವಾರದ ಬದಲು ಬುಧವಾರ ಶುರುವಾಗುತ್ತಿತ್ತು.

ಫೆಬ್ರುವರಿ 14, ಶುಕ್ರವಾರ. ಗೋವಾ

ಚೇಂಬರ್ ಎಂದರೆ ಒಂದು ದೊಡ್ಡ ಕಬ್ಬಿಣದ ಪೀಪಾಯಿ. ಒಳಗೆ ಮಲಗಿಸಿ, ಬಾಗಿಲು ಹಾಕಿ, ಸಮುದ್ರದ ಆಳದಲ್ಲಿದ್ದಷ್ಟು ಒತ್ತಡ ಏರಿಸುತ್ತಾರೆ. ಮುಖಕ್ಕೆ ಆಕ್ಸಿಜನ್. ಮತ್ತೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಅರ್ಧ ದಿನ ಅಲ್ಲೇ.

ಡಾಕ್ಟರಮ್ಮ ಹಿಂದಿಯಲ್ಲಿ ಕೇಳಿದರು, ನೀವು ಪ್ರವಾಸಿಯೋ ಎಂದು. ಗೈಡ್ ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನೊಮ್ಮೆ ನೋಡಿದರು.

ಕಂಪ್ಯೂಟರಿನ ಗೆರೆಗಳನ್ನು ಪರದೆಯ ಮೇಲೆ ತೆಗೆದು ಅಪ್ಪನಿಗೂ ತೋರಿಸಿದರಂತೆ. ಆಮೇಲೆ ಅಪ್ಪ ನನ್ನ ಹತ್ತಿರ ಬಂದು ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದ. "ಇಲ್ಲೀತನಾ ಚಲೋ ಬಂದೀಯಪ್ಪಾ. ಇಲ್ಲಿಂದ ಓಡೀದಿ." ಅದೇ ಜಾಗ. ನಾನು ಐದು ಮೀಟರಿನಲ್ಲಿ ನಿಲ್ಲದೆ ಹೋದ ಜಾಗ. ಅಕ್ಷರ ಓದಲು ಬಾರದ ಅಪ್ಪನಿಗೂ ಕಾಣುವಂತೆ ಅದು ಅಲ್ಲಿ ಬಿದ್ದಿದೆ.

ಫೆಬ್ರುವರಿ 16, ಭಾನುವಾರ. ಗೋವಾ

ನಾಜಮೀನ ಹಸಿರು ಸೀರೆಯಲ್ಲಿ ಕೂತಿದ್ದಳು. ಫೋನಿನಲ್ಲಿ ಆಗಾಗ ಅವಳ ಮುಖ ಚೌಕ ಚೌಕವಾಗಿ ಒಡೆದುಹೋಗುತ್ತಿತ್ತು. ಅಪ್ಪ ತೊಳೆದ ಅಂಗಿ ಹಾಕಿ, ಟೋಪಿ ಇಟ್ಟು, ನನ್ನ ಹಾಸಿಗೆಯ ಅಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ, ಅಲ್ಲಿ ಬೀಗರ ಎದುರು ಕೂತವನ ಹಾಗೆಯೇ. ಒಪ್ಪಿಗೆಯೇ ಎಂದು ಅಲ್ಲಿಂದ ಹಿರಿಯರು ಕೇಳಿದರು. "ಒಪ್ಪಿಗಿ ಐತ್ರಿ," ಎಂದ. ಅಲ್ಲಿ ಕೇಳಿಸಲಿಲ್ಲ. ಮತ್ತೆ ಹೇಳಿದ. ಮತ್ತೂ ಕೇಳಿಸಲಿಲ್ಲ. ವಾರ್ಡಿನ ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ ಮೂರನೆಯ ಸಲ ಹೇಳಿದ.

ನಾನು ಗೋಡೆಯ ಕಡೆ ತಿರುಗಿಕೊಂಡೆ.

ಅಲ್ಲಿ ಸಕ್ಕರೆ ತಿನ್ನಿಸುವುದು ಶುರುವಾಯಿತು. ಹುಡುಗಿಯ ತಂದೆ ಹುಡುಗನ ಬಾಯಿಗೆ ಸಕ್ಕರೆ ಹಾಕಬೇಕು. ಅಪ್ಪನ ಬದಲು ಬಾಷಾ ಕಾಕಾ ಹುಡುಗ ಆಫ್ತಾಬನಿಗೆ ತಿನ್ನಿಸಿದ. ಅಪ್ಪ ಅದನ್ನು ನೋಡುತ್ತಲೇ ಇದ್ದು, ಬೆಳಗಿನ ಚಹಾದ ಜೊತೆ ಬಂದಿದ್ದ ಸಕ್ಕರೆಯ ಪುಡಿಕೆಯನ್ನು ಹರಿದ.

"ಬಾಯಿ ತಗಿ," ಎಂದ ನನಗೆ.

"ನನಗ್ಯಾಕಪಾ. ನನ್ನಿಂದನ ನೀ ಇಲ್ಲೆ ಕುಂದ್ರೂ ಹಂಗಾತು."

"ಬಾಯಿ ತಗಿಯಂತೀನಿ."

ತೆಗೆದೆ. ಸಕ್ಕರೆ ಬಾಯಲ್ಲಿರುವಾಗಲೇ ನಾಚಿಕೆಯಿಂದ ಅತ್ತುಬಿಟ್ಟೆ. ಪಕ್ಕದ ಹಾಸಿಗೆಯ ಮುದುಕ ನನಗೇನೋ ಕೆಟ್ಟ ಸುದ್ದಿ ಬಂದಿದೆ ಎಂದುಕೊಂಡು ಎದ್ದು ಬಂದ. ಅಪ್ಪ ಅವನಿಗೂ ಒಂದು ಚಿಟಿಕೆ ಸಕ್ಕರೆ ಕೊಟ್ಟ.

ಫೆಬ್ರುವರಿ 19, ಬುಧವಾರ. ಕಾರವಾರ

ಆಸ್ಪತ್ರೆಯಿಂದ ಬಿಟ್ಟರು, ಘಟ್ಟದ ಕಡೆ ಬಿಡಲಿಲ್ಲ. ಇನ್ನೂ ಕೆಲವು ದಿನ ಸಮುದ್ರದ ಮಟ್ಟದಲ್ಲೇ ಇರಬೇಕು. ನೀರಿಗಿಳಿಯುವ ಮಾತು ಈ ವರ್ಷ ಎತ್ತಲೇಬೇಡಿ ಎಂದರು ಡಾಕ್ಟರಮ್ಮ. ಮುಂದೆಯೂ ಏನೋ, ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ನಿರ್ಮಲಾ ಮೇಡಂ ತಮ್ಮ ಮನೆಯ ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದಾರೆ. ಅವರೂ ಬೈಯಲಿಲ್ಲ. ಎಲ್ಲರೂ ಸೇರಿ ನನ್ನನ್ನು ಬೈಯದೆ ಕೊಲ್ಲುತ್ತಿದ್ದಾರೆ.

ಅಪ್ಪ ಕಂಪ್ಯೂಟರನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದಾನೆ. ಬೆಳಿಗ್ಗೆ ಎದ್ದ ಕೂಡಲೇ ತೆಗೆದು ನೋಡಿ, "ವಿಮಾನ ಇಲ್ಲ. ಆದರ ಡಾಕ್ಟರ ಹೂಂ ಅನ್ನಲಿ," ಎನ್ನುತ್ತಾನೆ. ಇವತ್ತು ಅದರ ಗುಂಡಿಗಳನ್ನು ಅವನಿಗೆ ಕಲಿಸಿದೆ. ನೂರು ಸಲ ಕೇಳಿದ. ನೂರು ಸಲ ಹೇಳಿದೆ. ಸದ್ದು ಬಂದ್ ಆಗಿದ್ದದ್ದನ್ನು ಅವನೇ ಕಂಡುಹಿಡಿದ. ಇದ್ಯಾಕೆ ಮೂಕವಾಗಿದೆ ಎಂದ. ನಾನೇ ಮಾಡಿದ್ದು ಎಂದೆ. ಚಾಲೂ ಮಾಡಿಸಿಕೊಂಡು, ಅದು ಕುಂಯ್ ಎನ್ನುವುದನ್ನು ಕಿವಿಗೆ ಹಿಡಿದು ಕೇಳಿದ.

ಮಧ್ಯಾಹ್ನ ಹನುಮಂತಪ್ಪ ಮಾಸ್ತರಿಗೆ ಫೋನು ಮಾಡಿದೆ. ಮೊದಲು ಶಾಲು ವಾಪಸು ಕಳಿಸುತ್ತೇನೆ ಎಂದೆ. ಅವರಿಗೆ ತಿಳಿಯಲಿಲ್ಲ.

"ತಂಡಿ ಕಾಲ ಐತಿ, ಇಟ್ಕೊಳ್ರಿ. ಯಾಕ್ರಿ, ಏನಾತು?"

ಎಲ್ಲ ಹೇಳಿದೆ. ಅವತ್ತು ನೀವು ನನಗೆ ಎಷ್ಟು ಬಿರುಸಾಗಿ ಹೇಳಿದಿರಿ ಎಂದರು. ಹೌದು ಸರ್ ಎಂದೆ. ಆ ಹುಡುಗಿ ನಾನು ಹೇಳಿದ ಸುಳ್ಳನ್ನು ಬರೆದುಕೊಂಡಿದ್ದಾಳೆ, ಅದು ಹಾಗೇ ಉಳಿಯಬಾರದು ಎಂದೆ. ಅವರು ತರಗತಿಗೆ ಹೋಗಿ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟರು.

"ನೇತ್ರಾ, ನಾ ಕಾದಿದ್ದಿಲ್ಲವ್ವಾ," ಎಂದೆ. "ಅದ ದಿನಾನ ಘಟ್ಟಾ ಹತ್ತಿ ಬಂದೆ. ಅದಕ್ಕ ಅವತ್ತು ಅದು ನನ್ನ ಕೈಯಾಗಿಂದ ಬಿದ್ದದ್ದು."

ಬೆಂಚು ಸರಿದ ಸದ್ದು. ಅವಳು ಎದ್ದು ನಿಂತಿರಬೇಕು.

"ನಿಮಗ ಗೊತ್ತಿದ್ದಿಲ್ಲೇನ್ರೀ ಸರ್?"

"ಗೊತ್ತಿತ್ತು."

"ಮತ್ತ್ಯಾಕ ಬಂದ್ರಿ?"

ಬಸ್ಸು, ಗಾದಿ, ಅವ್ವನ ಫೋನು, ಯಾವುದೂ ಆ ಹುಡುಗಿಯ ಮುಂದೆ ಹೇಳುವಂಥದ್ದಾಗಿ ಕಾಣಲಿಲ್ಲ. ನನಗೇನೂ ಆಗೂದಿಲ್ಲ ಅಂದ್ಕೊಂಡಿದ್ನಿ ಎಂದೆ. ಅವಳು ಸರ್ರಿ ಎಂದಳು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಸಂಜೆ ಅಪ್ಪನೊಡನೆ ದಂಡೆಗೆ ಹೋಗಿದ್ದೆ. ಅವನು ಚಪ್ಪಲಿ ಕೈಯಲ್ಲಿ ಹಿಡಿದು, ಪಾದ ಮುಳುಗುವಷ್ಟೇ ನೀರಿನಲ್ಲಿ ನಿಂತ. ನೀನು ಇದರೊಳಗೆ ಹೋಗುತ್ತಿದ್ದೆಯಾ ಎಂದು ಕೇಳಿದ. ಹೌದು ಎಂದೆ. ಊರಲ್ಲಾಗಿದ್ದರೆ ಆ ಕಥೆಯನ್ನು ಒಂದು ತಾಸು ಹೇಳುತ್ತಿದ್ದೆ.

ಫೆಬ್ರುವರಿ 23, ಭಾನುವಾರ. ಗಜೇಂದ್ರಗಡ

ಡಾಕ್ಟರಮ್ಮ ಹೂಂ ಎಂದ ಮೇಲೆ ನಿನ್ನೆ ಘಟ್ಟ ಹತ್ತಿದೆವು. ದಾರಿಯುದ್ದಕ್ಕೂ ಅಪ್ಪ ನನ್ನ ಬೆರಳು ಹಿಡಿದು, "ಹ್ಯಾಂಗೈತಿ?" ಎಂದು ಕೇಳುತ್ತ ಬಂದ. ಬಸ್ಸಿನ ಜನ ನೋಡುತ್ತಿದ್ದರು. ನೋಡಲಿ ಎಂದು ಕೈ ಬಿಡಿಸಿಕೊಳ್ಳಲಿಲ್ಲ.

ಗಾದಿ ಪಡಸಾಲೆಯಲ್ಲೇ ಇತ್ತು. ಮೂರು ಬದಿಗೆ ಗಟ್ಟಿ ಹೊಲಿಗೆ, ನಾಲ್ಕನೆಯದು ಅರ್ಧಕ್ಕೆ ನಿಂತು, ಉಳಿದದ್ದಕ್ಕೆ ಪಿನ್ನು ಚುಚ್ಚಿದ್ದರು. ಕಲೆ ತೊಳೆದು ತೊಳೆದು ಮಣ್ಣಿನ ಬಣ್ಣಕ್ಕೆ ಬಂದಿದೆ, ಹೋಗಿಲ್ಲ.

"ಬೀಗರು ಎದರ ಮ್ಯಾಲ ಕುಂತ್ರು?" ಎಂದು ಕೇಳಿದೆ.

"ಇದರ ಮ್ಯಾಲ," ಎಂದಳು ನಾಜಮೀನ.

"ಇದರ ಮ್ಯಾಲ? ಕಲಿ ಕಾಣಲಿಲ್ಲೇನು ಅವರಿಗೆ?"

"ನಾನ ತೋರಿಸಿದ್ನಿ. ಮುಚ್ಚಿಟ್ಟು ಮುಚ್ಚಿಟ್ಟು ನಿನ್ನ ಕೈ ಹೊಂಟಿತ್ತು. ಮತ್ತ ಅದನ್ನ ಯಾಕ ಮುಚ್ಚಲಿ? ಆಫ್ತಾಬ ಅವರ ಅವ್ವ ಅದರ ಬಾಜೂನ ಕುಂತಿದ್ರು."

ತಲೆ ತಗ್ಗಿಸಿ ಗಾದಿಯ ಹತ್ತಿರ ಕುಳಿತೆ. ಅಪ್ಪ ದಬ್ಬಣಕ್ಕೆ ದಾರ ಹಾಕಿ ತಂದು ಎದುರಿಗೆ ಹಿಡಿದ.

"ನಿನ್ನ ಬದಿ ಉಳದೈತಿ."

"ಅಪ್ಪಾ, ಮತ್ತ ಕೆಡಸಿದ್ರ?"

"ಉಳದೈತಿ ಅಂತ ಹೇಳಿದೆ."

ಕೂತು ಹೊಲಿಯತೊಡಗಿದೆ. ಮೊನೆಯನ್ನು ಕಣ್ಣಿನಿಂದ ಕಾಯುತ್ತ, ಒಂದೊಂದು ಹೊಲಿಗೆಗೂ ಎಷ್ಟೋ ಹೊತ್ತು. ಅವ್ವ ಒಲೆಯ ಹತ್ತಿರದಿಂದ ಇಣುಕುತ್ತಿದ್ದಳು. ಕಲೆಯ ಹತ್ತಿರ ಬಂದಾಗ ಕಣ್ಣು ಮಂಜಾಯಿತು, ದಬ್ಬಣ ತಪ್ಪಿತು. ಉಂಗುರದ ಬೆರಳಿಗೆ ಸರಕ್ಕನೆ ಚುಚ್ಚಿತು. ಅಯ್ಯೋ ಎಂದು ಕೈ ಹಿಂದಕ್ಕೆ ಎಳೆದುಕೊಂಡೆ.

ಅಪ್ಪ ನನ್ನ ಬೆರಳನ್ನಲ್ಲ, ಮುಖವನ್ನು ನೋಡುತ್ತಿದ್ದ.

"ನೋವಾತೇನು?"

"ಆತಪ್ಪಾ. ಭಾಳ ನೋವಾತು."

"ಚಲೋ ಆತು," ಎಂದ. "ಸಾವಕಾಶ ಹೊಲಿ."